ಹೆಸರಿನ ಒಡೆಯರು ಯಾರು?

ನಾಮಕರಣವು ನಮ್ಮ ಷೋಡಶ ಸಂಸ್ಕಾರಗಳಲ್ಲೊಂದು. ತೊಟ್ಟಿಲ ಕೂಸಿನ ಕಿವಿಯಲ್ಲಿ ಒಮ್ಮೆ ಉಸುರಿದ ಹೆಸರು ಅದಕ್ಕೆ ಜೀವಮಾನದ ಸಂಗಾತಿ. ಆದರೆ ಇಂದಿನ ವಾಣಿಜ್ಯ ಪ್ರಪಂಚದಲ್ಲಿ ನಾಮಕರಣಕ್ಕಿಂತ ಪುನರ್ನಾಮಕರಣದ ಸಡಗರವೇ ಹೆಚ್ಚು. ‘ರೀಬ್ರ್ಯಾಂಡಿಂಗ್’ ಎಂದು ಕರೆಯಲಾಗುವ ಈ ವಿದ್ಯೆ ಸಾಬೂನು, ಬ್ಯಾಂಕುಗಳನ್ನು ದಾಟಿ ಆಟದ ಮೈದಾನವನ್ನೂ ಪ್ರವೇಶಿಸಿ ಬಹುಕಾಲವಾಯಿತು. ಸಾಗರದಾಚೆಯ ಹೂಡಿಕೆದಾರರಿಗೆ ರುಚಿಸಲಿ, ಅನ್ಯ ಸಂಸ್ಕೃತಿಯ ಪ್ರೇಕ್ಷಕರಿಗೆ ಒಗ್ಗಲಿ ಎಂದು ಕ್ಲಬ್ಬುಗಳ ಹೆಸರು, ಬಣ್ಣ, ಲಾಂಛನಗಳನ್ನು ಬದಲಿಸುವ ಪರಿಪಾಠ ಬೆಳೆದಿದೆ. ಈ ಬದಲಾವಣೆಗಳಲ್ಲಿ ಕೆಲವು ಬೇರೂರುತ್ತವೆ, ಕೆಲವು ಬಾಡಿಹೋಗುತ್ತವೆ. ಏಕೆ ಹೀಗೆ ಎಂಬ ಜಿಜ್ಞಾಸೆ ಈ ಲೇಖನದ ವಸ್ತು.

ನಾನು ಆಟಗಳ ಒಳಗುಟ್ಟು ಬಲ್ಲವಳಲ್ಲ. ಕಲಾ ವಿಭಾಗದಲ್ಲಿ ಪದವಿ ಪಡೆದು, ಮದುವೆಯಾಗಿ ಈ ದೇಶಕ್ಕೆ ಬಂದು, ವಾಷಿಂಗ್ಟನ್ನಿನ ಆಸುಪಾಸಿನಲ್ಲಿ ಸಂಸಾರ ನಡೆಸಿದ ಗೃಹಿಣಿ. ಆದರೆ ಈ ಊರಿನಲ್ಲಿ ನೆಲೆಸಿದವರಿಗೆ ಹೆಸರಿನ ಜಗಳವೊಂದು ಬೇಡವೆಂದರೂ ಕಿವಿಗೆ ಬೀಳುತ್ತಲೇ ಇತ್ತು. ಹೀಗಾಗಿ ಈ ವಿಚಾರದಲ್ಲಿ ನಾಲ್ಕು ಮಾತು ಆಡುವ ಸಲುಗೆಯನ್ನು ಸಹೃದಯ ಓದುಗರಿಂದ ಬೇಡುತ್ತೇನೆ.

ಇಲ್ಲಿಯ ಅಮೆರಿಕನ್ ಫುಟ್‌ಬಾಲ್ ತಂಡ 1932ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿತು. 1933ರಲ್ಲಿ ‘ರೆಡ್‌ಸ್ಕಿನ್ಸ್’ ಎಂಬ ಹೆಸರು ಪಡೆದು, 1937ರಲ್ಲಿ ವಾಷಿಂಗ್ಟನ್ನಿಗೆ ಬಂದಿತು. ಕೆಂಪು ಚರ್ಮದವರು ಎಂದು ಈ ನೆಲದ ಮೂಲನಿವಾಸಿಗಳನ್ನು ಹಳಿಯುವ ಪದವದು. 1992ರಲ್ಲಿ ಸೂಸನ್ ಹಾರ್ಜೋ ಮತ್ತಿತರ ಮೂಲನಿವಾಸಿ ಮುಂದಾಳುಗಳು ಆ ಟ್ರೇಡ್‌ಮಾರ್ಕನ್ನು ರದ್ದುಪಡಿಸಬೇಕೆಂದು ಅರ್ಜಿ ಹಾಕಿದರು. ವರ್ಷಗಳು ಉರುಳಿದವು. ಹೆಸರನ್ನು ಎಂದೆಂದಿಗೂ ಬದಲಿಸುವುದಿಲ್ಲವೆಂದು ಅಂದಿನ ಮಾಲೀಕ ಡೇನಿಯಲ್ ಸ್ನೈಡರ್ 2013ರಲ್ಲಿ ಖಂಡತುಂಡವಾಗಿ ಸಾರಿದರು. ಆದರೆ 2020ರ ಬೇಸಿಗೆಯಲ್ಲಿ, ಮಿನಿಯಾಪೊಲಿಸ್ಸಿನಲ್ಲಿ ಜಾರ್ಜ್ ಫ್ಲಾಯ್ಡ್ ಅವರ ಹತ್ಯೆಯಾಗಿ ದೇಶವೇ ಅಲ್ಲೋಲಕಲ್ಲೋಲವಾಗಿದ್ದಾಗ, ಒಟ್ಟು 62,000 ಕೋಟಿ ಡಾಲರುಗಳಿಗೂ ಮೀರಿದ ಹಣ ನಿರ್ವಹಿಸುವ ಹೂಡಿಕೆ ಸಂಸ್ಥೆಗಳು ಫೆಡ್‌ಎಕ್ಸ್, ನೈಕಿ, ಪೆಪ್ಸಿಕೋ ಕಂಪನಿಗಳಿಗೆ ಪತ್ರ ಬರೆದು, ಈ ತಂಡದೊಡನೆ ನಂಟು ಕಡಿದುಕೊಳ್ಳಿರೆಂದು ಒತ್ತಾಯಿಸಿದವು. ಜುಲೈ 2ರಂದು ಫೆಡ್‌ಎಕ್ಸ್ ಬಾಯಿಬಿಟ್ಟು ಕೇಳಿತು. ಜುಲೈ 13ರಂದು ಹಳೆಯ ಹೆಸರು ಹೋಯಿತು. ದಶಕಗಳ ನ್ಯಾಯದ ಮೊರೆಗೆ ಅಲುಗದ ಬಾಗಿಲು ಹನ್ನೊಂದು ದಿನಗಳಲ್ಲಿ ತೆರೆಯಿತು! ಎರಡು ವರ್ಷ ಬರಿಯ ‘ವಾಷಿಂಗ್ಟನ್ ಫುಟ್‌ಬಾಲ್ ಟೀಮ್’ ಎಂದು ಕರೆಸಿಕೊಂಡು, 2022ರ ಫೆಬ್ರವರಿ 2ರಂದು ತಂಡವು ‘ಕಮಾಂಡರ್ಸ್’ ಆಯಿತು. 2023ರಲ್ಲಿ 605 ಕೋಟಿ ಡಾಲರುಗಳಿಗೆ ಹೊಸ ಮಾಲೀಕರ ಪಾಲಾಯಿತು.

ಈ ಬದಲಾವಣೆ ಸರಿಯೇ? ಸರಿ ಎಂಬುದೇ ನನ್ನ ದೃಢವಾದ ಅಭಿಪ್ರಾಯ. ಹಳೆಯ ಹೆಸರಿನೊಡನೆ ತಮ್ಮ ತಂದೆ-ತಾತಂದಿರ ನೆನಪು ಬೆಸೆದುಕೊಂಡಿದೆ ಎನ್ನುವ ಅಭಿಮಾನಿಗಳ ನೋವು ಸುಳ್ಳಲ್ಲ. ಅದನ್ನು ಅಪಹಾಸ್ಯ ಮಾಡಲಾಗದು. ಆದರೆ ಒಬ್ಬರ ಮಧುರ ಸ್ಮೃತಿಗೆ ಇನ್ನೊಬ್ಬರ ಅವಮಾನವು ಬೆಲೆಯಾಗಬಾರದು. ಇಲ್ಲಿ ಬದಲಾವಣೆಯನ್ನು ಮೊದಲು ಕೇಳಿದವರು ಆ ಹೆಸರಿನಿಂದ ಗಾಯಗೊಂಡವರು. ಹಣವಂತರು ಬಂದದ್ದು ಅವರ ಹಿಂದೆ, ಅದೂ ಬಹಳ ತಡವಾಗಿ. ಇನ್ನೊಂದನ್ನೂ ಗಮನಿಸಬೇಕು: ಹೆಸರು ಹೋದರೂ ತಂಡದ ಕಡುಗೆಂಪು ಮತ್ತು ಹೊನ್ನಿನ ಬಣ್ಣಗಳು ಉಳಿದವು. ಗಾಯಗೊಳಿಸುವುದನ್ನು ತೆಗೆದು, ಪ್ರೀತಿಯನ್ನು ಉಳಿಸಿಕೊಂಡರು.

ಇದಕ್ಕೆ ತದ್ವಿರುದ್ಧವಾದ ಕಥೆಯೊಂದು ವೇಲ್ಸ್ ದೇಶದ ಕಾರ್ಡಿಫ್ ನಗರದ್ದು. ಅಲ್ಲಿನ ಕಾಲ್ಚೆಂಡಿನ ಕ್ಲಬ್ಬು 1899ರಷ್ಟು ಹಳೆಯದು. ಆಟಗಾರರು ತೊಡುತ್ತಿದ್ದುದು ನೀಲಿ ಅಂಗಿ. ಜನ ಅವರನ್ನು ಪ್ರೀತಿಯಿಂದ ಕರೆಯುತ್ತಿದ್ದುದು ‘ನೀಲಿ ಹಕ್ಕಿಗಳು’ ಎಂದು. ಮಲೇಷಿಯಾದ ಉದ್ಯಮಿ ವಿನ್ಸೆಂಟ್ ಟಾನ್ ಅದರ ಒಡೆತನ ಪಡೆದು, 2012ರಲ್ಲಿ ಅಂಗಿಯನ್ನು ಕೆಂಪಾಗಿಸಿದರು. ಏಷ್ಯಾದಲ್ಲಿ ಕೆಂಪು ಶುಭಸೂಚಕ, ಅಲ್ಲಿನ ಮಾರುಕಟ್ಟೆಗೆ ಅದು ಒಪ್ಪುತ್ತದೆ ಎಂಬುದು ಲೆಕ್ಕಾಚಾರ. ಲಾಂಛನದಲ್ಲಿ ದೊಡ್ಡದೊಂದು ಡ್ರ್ಯಾಗನ್ ಬಂದು ಕುಳಿತು, ನೀಲಿ ಹಕ್ಕಿ ಅದರ ಕಾಲಡಿಗೆ ಸರಿಯಿತು. ಹೊಸ ಬಂಡವಾಳ ಬರುತ್ತದಲ್ಲ ಎಂದು ಕೆಲವರು ಒಲ್ಲದ ಮನಸ್ಸಿನಿಂದ ಒಪ್ಪಿದರು, ಹಲವರು ಪ್ರತಿಭಟಿಸಿದರು. 2013ರಲ್ಲಿ ತಂಡವು ಕೆಂಪಂಗಿಯಲ್ಲೇ ಪ್ರೀಮಿಯರ್ ಲೀಗಿಗೆ ಏರಿತು, 2014ರಲ್ಲಿ ಕೆಳಗಿಳಿಯಿತು. ಗೆಲುವು ಕೂಡ ಜನರ ಮುನಿಸನ್ನು ತೊಳೆಯಲಿಲ್ಲ. ಕೊನೆಗೆ 2015ರ ಜನವರಿಯಲ್ಲಿ ನೀಲಿ ಮರಳಿತು. ಒಗ್ಗಟ್ಟು, ಸಂತೋಷಗಳ ಮಹತ್ವವನ್ನು ಕುರಿತು ತಮ್ಮ ತಾಯಿ ಹೇಳಿದ ಮಾತು ಮನಸ್ಸಿಗೆ ನಾಟಿತೆಂದು ಟಾನ್ ಅವರೇ ತಿಳಿಸಿದರು. ಮಾರುಕಟ್ಟೆಯ ಪಂಡಿತರಿಗೆ ಹೊಳೆಯದ ಸತ್ಯ ವೃದ್ಧ ತಾಯಿಯೊಬ್ಬಳಿಗೆ ಹೊಳೆದದ್ದು ಗೃಹಿಣಿಯಾದ ನನಗೆ ಸಮಾಧಾನದ ಸಂಗತಿಯೇ ಸರಿ.

ಇಂಗ್ಲೆಂಡಿನ ಹಲ್ ನಗರದಲ್ಲೂ ಹೀಗೆಯೇ ಆಯಿತು. 1904ರಲ್ಲಿ ಸ್ಥಾಪನೆಯಾದ ‘ಹಲ್ ಸಿಟಿ’ಯನ್ನು, ಜಾಗತಿಕ ಮಾರುಕಟ್ಟೆಯಲ್ಲಿ ನಾಲಗೆಗೆ ಸುಲಭವಾಗಲೆಂದು ‘ಹಲ್ ಟೈಗರ್ಸ್’ ಮಾಡಹೊರಟವರು ಈಜಿಪ್ಟ್ ಮೂಲದ ಉದ್ಯಮಿ ಅಸೆಮ್ ಅಲ್ಲಾಮ್. ಅವರು ಹೊರಗಿನವರೇನಲ್ಲ, ಅದೇ ಸೀಮೆಯಲ್ಲಿ ನೆಲೆಸಿ, ಮುಳುಗುತ್ತಿದ್ದ ಕ್ಲಬ್ಬನ್ನು ಹಣ ಸುರಿದು ಉಳಿಸಿದವರು. ಆದರೂ ಅಭಿಮಾನಿಗಳು ಒಪ್ಪಲಿಲ್ಲ. 2014ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಆ ಕೋರಿಕೆಯನ್ನು ತಳ್ಳಿಹಾಕಿತು. ಕ್ಲಬ್ಬನ್ನು ಉಳಿಸಿದ ಉಪಕಾರ ದೊಡ್ಡದು, ಆದರೆ ಹೆಸರನ್ನು ಅಳಿಸುವ ಅಧಿಕಾರ ಆ ಉಪಕಾರದಿಂದ ಹುಟ್ಟುವುದಿಲ್ಲ ಎಂಬುದು ಇದರ ತಾತ್ಪರ್ಯ.

ಈ ಮರ್ಮವನ್ನು ಅರಿಯಲು ನಮ್ಮ ಹೆಣ್ಣುಮಕ್ಕಳಿಗೆ ಮ್ಯಾನೇಜ್‌ಮೆಂಟಿನ ಪುಸ್ತಕಗಳು ಬೇಕಿಲ್ಲ. ನಮ್ಮ ಕಡೆಯ ಕೆಲವು ಮನೆತನಗಳಲ್ಲಿ ಹಿಂದೆ ಸೊಸೆಗೆ ಹೊಸ ಹೆಸರಿಡುವ ಪದ್ಧತಿಯಿತ್ತು. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಆ ಹೆಸರನ್ನು ಬರೆಯುತ್ತಿದ್ದರು. ಹುಡುಗಿಯ ಇಷ್ಟವೇನೆಂದು ಕೇಳುವವರಿರಲಿಲ್ಲ. ಅತ್ತೆಯ ಮನೆಯವರು ಹೊಸ ಹೆಸರಿನಿಂದ ಕೂಗುತ್ತಿದ್ದರು, ಆಕೆ ಓಗೊಡುತ್ತಲೂ ಇದ್ದಳು. ಆದರೆ ತವರಿಗೆ ಹೋದಾಗ ಬಾಗಿಲಲ್ಲೇ ಹಳೆಯ ಹೆಸರು ಕಿವಿಗೆ ಬೀಳುತ್ತಲೇ ಅವಳ ಮುಖ ಅರಳುತ್ತಿತ್ತು. ಕ್ಲಬ್ಬಿಗೆ ಅದರ ಅಭಿಮಾನಿಗಳೇ ತವರು. ಮಾಲೀಕರು ಬರುತ್ತಾರೆ, ಮಾರಿ ಹೋಗುತ್ತಾರೆ. ತವರಿನವರು ಎಲ್ಲಿಗೂ ಹೋಗುವುದಿಲ್ಲ. ಆದ್ದರಿಂದಲೇ ಅವರನ್ನು ಕೇಳದೆ ಇಟ್ಟ ಹೆಸರು ಕಾಗದದ ಮೇಲೆ ಉಳಿಯುತ್ತದೆ, ನಾಲಗೆಯ ಮೇಲೆ ನಿಲ್ಲುವುದಿಲ್ಲ.

ತವರಿನವರ ಪಟ್ಟು ಗೆದ್ದ ಉದಾಹರಣೆ ನಮ್ಮ ನೆರೆಯ ಉತ್ತರ ಕ್ಯಾರೊಲಿನಾದಲ್ಲೇ ಇದೆ. ಅದು ಬ್ಯಾಸ್ಕೆಟ್‌ಬಾಲಿನ ಕಥೆಯಾದರೂ ಇಲ್ಲಿಗೆ ಹೊಂದುತ್ತದೆ. 1780ರಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್ — ಮುಂದೆ ನಮ್ಮ ಟಿಪ್ಪು ಸುಲ್ತಾನನೊಡನೆ ಸೆಣಸಿದ ಅದೇ ಕಾರ್ನ್‌ವಾಲಿಸ್ — ಷಾರ್ಲಟ್ ಊರನ್ನು ಕಣಜದ ಗೂಡೆಂದು ಶಪಿಸಿದನೆಂಬ ಪ್ರತೀತಿಯಿದೆ. ಆ ಶಾಪವನ್ನೇ ಕಿರೀಟವಾಗಿ ಧರಿಸಿದ ಊರಿನವರ ತಂಡ 1988ರಲ್ಲಿ ‘ಹಾರ್ನೆಟ್ಸ್’ ಆಗಿ ಆಟಕ್ಕಿಳಿಯಿತು. 2002ರಲ್ಲಿ ಮಾಲೀಕರು ತಂಡವನ್ನು ಹೆಸರಿನ ಸಮೇತ ನ್ಯೂ ಆರ್ಲಿಯನ್ಸ್‌ಗೆ ಸಾಗಿಸಿದರು. 2004ರಲ್ಲಿ ಷಾರ್ಲಟ್‌ಗೆ ಬಂದ ಹೊಸ ತಂಡದ ಹೆಸರು ‘ಬಾಬ್‌ಕ್ಯಾಟ್ಸ್’. ಅದು ಜನರ ಹೃದಯಕ್ಕೆ ಇಳಿಯಲೇ ಇಲ್ಲ. ನ್ಯೂ ಆರ್ಲಿಯನ್ಸಿನವರು ಆ ಹೆಸರನ್ನು ಬಿಟ್ಟುಕೊಟ್ಟ ಮೇಲೆ, 2014ರಲ್ಲಿ ಷಾರ್ಲಟ್ ತನ್ನ ‘ಹಾರ್ನೆಟ್ಸ್’ ಅನ್ನು ಮರಳಿ ಪಡೆಯಿತು. ಹತ್ತು ವರ್ಷಗಳ ಪರಕೀಯ ಹೆಸರಿಗಿಂತ ನೆಲದ ಕಥೆಯೇ ಬಲಶಾಲಿಯಾಯಿತು.

ಇನ್ನು ನಮ್ಮ ನಾಡಿಗೆ ಬರೋಣ. ಸಾಹಿತಿ ಯು.ಆರ್. ಅನಂತಮೂರ್ತಿಯವರ ಸಲಹೆಯಂತೆ ‘ಬ್ಯಾಂಗಲೋರ್’ ಅಧಿಕೃತವಾಗಿ ‘ಬೆಂಗಳೂರು’ ಆದದ್ದು 2014ರ ನವೆಂಬರ್ 1ರಂದು. ಅದಕ್ಕೂ ಒಂದು ವರ್ಷ ಮುಂಚೆ, 2013ರಲ್ಲಿ ಹುಟ್ಟಿದ ಕಾಲ್ಚೆಂಡಿನ ತಂಡವೊಂದು ಸರಕಾರದ ಆದೇಶಕ್ಕೆ ಕಾಯದೆ ‘ಬೆಂಗಳೂರು ಎಫ್.ಸಿ.’ ಎಂದು ಹೆಸರಿಟ್ಟುಕೊಂಡಿತು. ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. 2016ರಲ್ಲಿ ದೋಹಾದಲ್ಲಿ ನಡೆದ ಎ.ಎಫ್.ಸಿ. ಕಪ್ ಅಂತಿಮ ಪಂದ್ಯದವರೆಗೂ ಹೋಗಿ, ಇರಾಕಿನ ವಾಯುಪಡೆಯ ತಂಡಕ್ಕೆ ಒಂದು ಗೋಲಿನಿಂದ ಸೋತಿತು. ‘ಬೆಂಗಳೂರು’ ಎಂಬ ಹೆಸರು ಆ ತಂಡದ ವಿದೇಶಯಾತ್ರೆಗೆ ಎಲ್ಲೂ ಅಡ್ಡಿಯಾಗಲಿಲ್ಲ.

ಇದಕ್ಕಿಂತ ಅರ್ಥಪೂರ್ಣವಾದದ್ದು ಕ್ರಿಕೆಟಿನ ಪ್ರಸಂಗ. 2008ರಿಂದ ‘ರಾಯಲ್ ಚಾಲೆಂಜರ್ಸ್ ಬ್ಯಾಂಗಲೋರ್’ ಆಗಿದ್ದ ತಂಡ 2024ರ ಮಾರ್ಚ್ 19ರಂದು ‘ಬೆಂಗಳೂರು’ ಆಯಿತು. ಆಗ ಅದರ ಒಡೆತನ ಯುನೈಟೆಡ್ ಸ್ಪಿರಿಟ್ಸ್ ಕಂಪನಿಯದು. ಆ ಕಂಪನಿಯ ಹಿಡಿತ ಲಂಡನ್ನಿನ ಡಿಯಾಜಿಯೋ ಸಂಸ್ಥೆಯದು. ಹೆಸರಿನ ಮುಂದಿನ ಎರಡು ಪದಗಳು ಮದ್ಯವೊಂದರ ಹೆಸರಿನ ನೆರಳೇ ಎಂಬುದನ್ನು ಮರೆಯಬೇಕಿಲ್ಲ. ಸಾಗರದಾಚೆಯ ಬಂಡವಾಳದ ಕೈಯಲ್ಲಿದ್ದ ತಂಡವೇ ಇಂಗ್ಲಿಷ್ ಉಚ್ಚಾರವನ್ನು ಕೈಬಿಟ್ಟು ಕನ್ನಡದ ಉಚ್ಚಾರವನ್ನು ಅಪ್ಪಿಕೊಂಡಿತು! ಕನ್ನಡದ ಮೇಲಿನ ಮೋಹದಿಂದಲೇ ಹೀಗಾಯಿತೆಂದು ನಾನು ಹೇಳಲಾರೆ. ‘ಈ ಸಲ ಕಪ್ ನಮ್ದೇ’ ಎಂದು ಸೋತ ವರ್ಷಗಳಲ್ಲೂ ಕೂಗುತ್ತ ಬಂದವರ ಪ್ರೀತಿಯೇ ತಂಡದ ನಿಜವಾದ ಆಸ್ತಿ ಎಂಬುದು ವ್ಯಾಪಾರಿಗಳಿಗೂ ಮನದಟ್ಟಾಗಿರಬೇಕು. 2025ರ ಜೂನ್ 3ರಂದು ಕಪ್ ಬಂದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ ಹನ್ನೊಂದು ಜೀವಗಳು ಹೋದವು. ಜನರ ಪ್ರೀತಿಯಿಂದ ಲಾಭ ಗಳಿಸುವ ಎಲ್ಲರೂ ಆ ಜನರಿಗೆ ಋಣಿಗಳು ಎಂಬುದನ್ನು ಇಷ್ಟು ದೊಡ್ಡ ಬೆಲೆ ತೆತ್ತು ಕಲಿಯಬಾರದಿತ್ತು.

ಈ ಎಲ್ಲ ಉದಾಹರಣೆಗಳಿಂದ ನನಗೆ ತೋರುವುದಿಷ್ಟು. ಹೆಸರು ಬದಲಾಗಲೇಬಾರದೆಂಬುದು ಹಠ. ಬದಲಿಸಿದರೆ ಸಾಕು ಹಣ ಬರುತ್ತದೆಂಬುದು ಭ್ರಮೆ. ‘ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ’ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ. ಬದಲಾವಣೆಯ ಮಾತು ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಬಯಸುತ್ತಿರುವವರು ಯಾರು? ಆ ಹೆಸರನ್ನು ಹೊತ್ತವರೋ, ಅದರಿಂದ ನೊಂದವರೋ ಬಯಸಿದರೆ ಬದಲಾವಣೆ ಧರ್ಮ. ದೂರದ ಧನಿಕನ ಅಭಿರುಚಿ ಹೀಗಿದ್ದೀತೆಂಬ ಊಹೆಯಿಂದ ಬದಲಿಸಿದರೆ, ಅದು ಯಾರದೋ ದುಡ್ಡಿನ ಎಲ್ಲಮ್ಮನ ಜಾತ್ರೆ. ಜಾತ್ರೆ ಮುಗಿದ ಮೇಲೆ ಧೂಳು ಮಾತ್ರ ಊರಿನವರ ಪಾಲು.

ಈ ಪ್ರಶ್ನೆ ಸಮ್ಮೇಳನಕ್ಕೆ ಆಗಮಿಸಿರುವ ನಮಗೂ ಸಲ್ಲುತ್ತದೆ. ನಮ್ಮ ಹಿರಿಯರು ಈ ಪರದೇಶದಲ್ಲಿ ಕಟ್ಟಿದ ಕೂಟಗಳ ಹೆಸರುಗಳನ್ನು ನೋಡಿ: ವಾಷಿಂಗ್ಟನ್ ಪ್ರದೇಶದಲ್ಲಿ ‘ಕಾವೇರಿ’, ಅಟ್ಲಾಂಟಾದಲ್ಲಿ ‘ನೃಪತುಂಗ’, ಉತ್ತರ ಕ್ಯಾರೊಲಿನಾದ ರಾಲಿಯ ಸುತ್ತ ‘ಸಂಪಿಗೆ’. ಒಂದು ನದಿ, ಒಬ್ಬ ದೊರೆ, ಒಂದು ಹೂವು. ಅಮೆರಿಕದವರ ನಾಲಗೆಗೆ ‘ನೃಪತುಂಗ’ ಕಬ್ಬಿಣದ ಕಡಲೆಯೆಂದು ತಿಳಿದೂ ಅವರು ಅಂಜಲಿಲ್ಲ. ಕಚೇರಿಯಲ್ಲಿ ಕೃಷ್ಣಮೂರ್ತಿಯವರು ‘ಕ್ರಿಸ್’ ಆಗಿದ್ದ ಕಾಲದಲ್ಲಿಯೂ ವಾರಾಂತ್ಯದ ಕೂಟದಲ್ಲಿ ಅವರು ಕೃಷ್ಣಮೂರ್ತಿಗಳೇ ಆಗಿರುತ್ತಿದ್ದರು. ಆ ಕೂಟಗಳು ನಮ್ಮ ಪಾಲಿನ ತವರುಗಳು.

ಈಗೀಗ ಪ್ರಾಯೋಜಕರನ್ನು ಆಕರ್ಷಿಸಬೇಕು, ಸರ್ವರಿಗೂ ಒಪ್ಪುವಂತಿರಬೇಕು ಎಂಬ ಕಾರಣಕ್ಕೆ ಕಾರ್ಯಕ್ರಮಗಳ ಹೆಸರುಗಳಿಂದ ಕನ್ನಡ ಮೆಲ್ಲನೆ ಹಿಂದೆ ಸರಿಯುತ್ತಿರುವುದನ್ನು ಅಲ್ಲಲ್ಲಿ ಕಾಣುತ್ತೇವೆ. ಇದು ಕಾರ್ಡಿಫ್‌ನ ಕೆಂಪಂಗಿ. ನಮ್ಮಲ್ಲಿಗೆ ಬರುವ ಪ್ರಾಯೋಜಕನು ಕನ್ನಡಿಗರು ಒಂದೆಡೆ ಸೇರುತ್ತಾರೆಂದೇ ಬರುತ್ತಾನೆ. ಆ ಗುರುತನ್ನೇ ಅಳಿಸಿದ ಮೇಲೆ ಅವನಿಗೆ ನಮ್ಮಲ್ಲಿ ಕೊಳ್ಳಲು ಉಳಿಯುವುದಾದರೂ ಏನು?

ಆದರೆ ನಾನು ಹೇಳಿದ ಅಳತೆಗೋಲು ನನ್ನಂಥ ಹಿರಿಯರನ್ನೂ ಬಿಡುವುದಿಲ್ಲ. ನಾಳೆ ಈ ಕೂಟಗಳನ್ನು ನಡೆಸಬೇಕಾದವರು ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು. ಈ ಹೆಸರುಗಳನ್ನು ಹೊರುವವರು ಅವರೇ ಆದ್ದರಿಂದ, ಬದಲಾವಣೆಯನ್ನು ಅವರು ಬಯಸಿದರೆ ಕೇಳಿಸಿಕೊಳ್ಳುವ ಹೊಣೆ ನಮ್ಮದು. ಅದಕ್ಕೆ ಮುಂಚೆ, ನೃಪತುಂಗ ಯಾರು, ಕಾವೇರಿ ಎಲ್ಲಿ ಹುಟ್ಟುತ್ತಾಳೆ, ಸಂಪಿಗೆಯ ಕಂಪು ಎಂಥದು ಎಂಬುದನ್ನು ಅವರಿಗೆ ತಿಳಿಸುವ ಹೊಣೆಯೂ ನಮ್ಮದೇ. ಕಥೆಯನ್ನು ಹೇಳದೆ ಹೆಸರನ್ನು ಮಾತ್ರ ಹೊರಿಸಿದರೆ ಅದು ಅವರಿಗೆ ಭಾರವಾದೀತು. ಮುಂದಿನ ಸಮ್ಮೇಳನಕ್ಕೆ ಇನ್ನೂ ಎರಡು ವರ್ಷಗಳಿವೆ. ಅಷ್ಟರೊಳಗೆ ಪ್ರತಿಯೊಂದು ಕೂಟವೂ ತನ್ನ ಹೆಸರಿನ ಕಥೆಯನ್ನು ತನ್ನ ಮಕ್ಕಳ ಬಾಯಿಂದಲೇ ಹೇಳಿಸುವಂತಾಗಲಿ ಎಂಬುದು ನನ್ನ ವಿನಮ್ರ ಸಲಹೆ.