ಎಳೆಯುವ ಮಾಯೆ, ಕಳೆಯುವ ಲೆಕ್ಕ

ಗಣಕದ ತೆರೆಯ ಮೇಲೆ ಚದುರಂಗದ ಕುದುರೆಯನ್ನು ಮೌಸಿನಿಂದ ಹಿಡಿದು, ಎಳೆದೊಯ್ದು ಇನ್ನೊಂದು ಮನೆಯಲ್ಲಿ ಬಿಡುವುದು ಇಂದಿನ ಮಕ್ಕಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಆ ಕುದುರೆ ನಿಜವಾಗಿ ಚಲಿಸಿತೆ? ಇಲ್ಲ. ತೆರೆಯಲ್ಲಿರುವುದು ಸಾಲುಸಾಲು ಬೆಳಕಿನ ಚುಕ್ಕಿಗಳು ಮಾತ್ರ. ಅವುಗಳಿಗೆ ಪಿಕ್ಸೆಲ್ ಎಂದು ಹೆಸರು. ಯಾವ ಚುಕ್ಕಿಯೂ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಗಣಕವು ಕುದುರೆಯ ಚಿತ್ರವನ್ನು ಹಳೆಯ ಜಾಗದಲ್ಲಿ ಅಳಿಸಿ, ತುಸು ಪಕ್ಕದಲ್ಲಿ ಮತ್ತೆ ಬರೆಯುತ್ತದೆ. ಸಾಮಾನ್ಯ ತೆರೆಯಲ್ಲಿ ಸೆಕೆಂಡಿಗೆ 60 ಸಲ ಚಿತ್ರ ಹೊಸದಾಗುವುದರಿಂದ ನಮ್ಮ ಕಣ್ಣಿಗೆ ಅದು ಸರಾಗವಾದ ಚಲನೆಯಾಗಿ ಕಾಣುತ್ತದೆ. ಚಲನಚಿತ್ರದ ತತ್ತ್ವವೂ ಇದೇ ಅಲ್ಲವೆ?

ಹಾಗಾದರೆ ಚಿತ್ರವನ್ನು ಎಲ್ಲಿ ಬರೆಯಬೇಕೆಂದು ಹೇಳುವವರು ಯಾರು? ವೆಬ್ ಪುಟದಲ್ಲಾದರೆ ಆ ಕೆಲಸ ಜಾವಾಸ್ಕ್ರಿಪ್ಟ್ ಎಂಬ ಭಾಷೆಯದು. ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಅವರು 1995ರಲ್ಲಿ ಇದರ ಮೊದಲ ರೂಪವನ್ನು ಹತ್ತೇ ದಿನಗಳಲ್ಲಿ ಸಿದ್ಧಪಡಿಸಿದರು. ಇಂದು ಬಳಕೆಯಲ್ಲಿರುವ ಬ್ರೌಸರ್‌ಗಳೆಲ್ಲ ಈ ಭಾಷೆಯನ್ನು ಬಲ್ಲವು. ಇದನ್ನು ಅಭ್ಯಾಸ ಮಾಡಲು ದುಬಾರಿ ತಂತ್ರಾಂಶ ಕೊಳ್ಳಬೇಕಿಲ್ಲ. ನೋಟ್‌ಪ್ಯಾಡಿನಂಥ ಬರೆಯುವ ಸೌಕರ್ಯ ಮತ್ತು ಒಂದು ಬ್ರೌಸರ್ ಇದ್ದರೆ ಸಾಕು; ಇಂಟರ್‌ನೆಟ್ ಸಂಪರ್ಕವೂ ಬೇಡ.

ಎಳೆಯುವ ಕೆಲಸಕ್ಕೆ ಬೇರೆಯವರು ಬರೆದಿಟ್ಟ ಸಿದ್ಧ ಕ್ರಮವಿಧಿಗಳು ಸಿಗುತ್ತವೆ, ನಿಜ. ಆದರೆ ಗೈಡಿನಿಂದ ಉತ್ತರ ಬಾಯಿಪಾಠ ಮಾಡಿದ ವಿದ್ಯಾರ್ಥಿ, ಲೆಕ್ಕದಲ್ಲಿ ಅಂಕಿ ಬದಲಾದ ಕೂಡಲೇ ತಡವರಿಸುವುದಿಲ್ಲವೆ? ಇಲ್ಲಿಯೂ ಹಾಗೆಯೇ. ಒಮ್ಮೆಯಾದರೂ ಸ್ವತಃ ಬರೆದು ನೋಡಿದವರಿಗೆ ಮಾತ್ರ ಒಳಗಿನ ಲೆಕ್ಕ ತಿಳಿಯುತ್ತದೆ.

ಮೂರು ಸುದ್ದಿಗಳು

ಎಳೆಯುವ ಕ್ರಿಯೆಯಲ್ಲಿ ಮೂರು ಹಂತಗಳಿವೆ: ಒತ್ತುವುದು, ಸರಿಸುವುದು, ಬಿಡುವುದು. ಪ್ರತಿ ಹಂತದಲ್ಲೂ ಬ್ರೌಸರ್ ಒಂದು ಸುದ್ದಿ ಕಳಿಸುತ್ತದೆ. ಅವುಗಳ ಹೆಸರು ಕ್ರಮವಾಗಿ ಪಾಯಿಂಟರ್‌ಡೌನ್, ಪಾಯಿಂಟರ್‌ಮೂವ್, ಪಾಯಿಂಟರ್‌ಅಪ್. ಸುದ್ದಿಯ ಜೊತೆಗೆ ಬಾಣದ ಗುರುತು ಎಲ್ಲಿದೆ ಎಂಬ ಎರಡು ಸಂಖ್ಯೆಗಳೂ ಬರುತ್ತವೆ. ಗಣಿತದ ತರಗತಿಯಲ್ಲಿ ಗ್ರಾಫ್ ಹಾಳೆಯ ಮೇಲೆ ಗುರುತಿಸುವ ನಿರ್ದೇಶಾಂಕಗಳೇ ಇವು. ವ್ಯತ್ಯಾಸ ಒಂದೇ: ತೆರೆಯ ಮೂಲಬಿಂದು ಎಡ ಮೇಲ್ಮೂಲೆಯಲ್ಲಿದೆ; ಕೆಳಗಿಳಿದಂತೆಲ್ಲ ವೈ ಬೆಲೆ ಹೆಚ್ಚುತ್ತದೆ.

ಮರೆಯಬಾರದ ಅಂತರ

ಈಗ ಪುಟದಲ್ಲಿ ಒಂದು ಬಣ್ಣದ ಚೌಕವಿದೆ ಎನ್ನೋಣ. ಅದರ ಮೇಲ್ಮೂಲೆ ಎಡದಿಂದ 100, ಮೇಲಿನಿಂದ 80 ಪಿಕ್ಸೆಲ್ ದೂರದಲ್ಲಿದೆ. ಬಾಣವನ್ನು 130, 95ರಲ್ಲಿಟ್ಟು ಒತ್ತಿ, 250, 200ಕ್ಕೆ ಒಯ್ದರೆ ಚೌಕ ಎಲ್ಲಿರಬೇಕು?

ಬಾಣವಿರುವಲ್ಲೇ ಚೌಕವನ್ನು ಇಟ್ಟರಾಯಿತು ಎಂದು ಹೊಸಬರು ಬರೆಯುತ್ತಾರೆ. ಆಗ ಚೌಕದ ಮೂಲೆ ಥಟ್ಟನೆ ಬಾಣದ ತುದಿಗೆ ಜಿಗಿಯುತ್ತದೆ. ಪುಸ್ತಕವನ್ನು ನಡುವೆ ಹಿಡಿದು ಎತ್ತಿದರೆ ಅದು ಕೈಯಲ್ಲಿ ತಾನಾಗಿ ಜಾರಿ ಮೂಲೆಗೆ ಬರುವುದುಂಟೆ? ಆದ್ದರಿಂದ ಒತ್ತಿದ ಕ್ಷಣದಲ್ಲೇ ಅಂತರವನ್ನು ಲೆಕ್ಕ ಹಾಕಿ ನೆನಪಿಡಬೇಕು: 130ರಲ್ಲಿ 100 ಕಳೆದರೆ 30, 95ರಲ್ಲಿ 80 ಕಳೆದರೆ 15. ಸರಿಸುವಾಗಲೆಲ್ಲ ಬಾಣದ ಹೊಸ ಸ್ಥಾನದಿಂದ ಇದನ್ನೇ ಕಳೆಯಬೇಕು. 250ರಲ್ಲಿ 30 ಹೋದರೆ 220. 200ರಲ್ಲಿ 15 ಹೋದರೆ 185. ಚೌಕದ ಹೊಸ ಜಾಗ ಇದೇ. ಇಡೀ ಮಾಯೆಯ ಗುಟ್ಟು ಈ ಎರಡು ವ್ಯವಕಲನಗಳಲ್ಲಿದೆ.

ಎರಡು ಸಣ್ಣ ವಿಷಯಗಳನ್ನು ಗಮನಿಸಬೇಕು. ಚೌಕದ ಶೈಲಿಯಲ್ಲಿ ಪೊಸಿಷನ್ ಎಂಬುದು ಆಬ್ಸಲ್ಯೂಟ್ ಆಗಿರಬೇಕು. ಹಾಗೆ ಹೇಳದಿದ್ದರೆ ಅದು ಪುಟದ ಸಾಲನ್ನು ಬಿಟ್ಟು ಕದಲುವುದಿಲ್ಲ. 220 ಎಂದಷ್ಟೇ ಬರೆದರೂ ಸಾಲದು. ಮುಂದೆ ಪಿಎಕ್ಸ್ ಎಂಬ ಎರಡಕ್ಷರ ಸೇರಿಸಬೇಕು. ಭೌತಶಾಸ್ತ್ರದ ಲೆಕ್ಕದಲ್ಲಿ ಏಕಮಾನ ಬರೆಯದಿದ್ದರೆ ಅರ್ಧ ಅಂಕ ಹೋಗುತ್ತದೆ. ಇಲ್ಲಿ ಬ್ರೌಸರ್ ಇಡೀ ಸೂಚನೆಯನ್ನೇ ಕಡೆಗಣಿಸುತ್ತದೆ.

ಕೈತಪ್ಪುವ ಚೌಕ

ಮೌಸನ್ನು ನಿಧಾನವಾಗಿ ಸರಿಸಿದಾಗ ಸರಿಯಾಗಿ ಬರುವ ಚೌಕ, ವೇಗವಾಗಿ ಎಳೆದರೆ ಹಿಂದೆಯೇ ಉಳಿದುಬಿಡಬಹುದು. ಕಾರಣ, ಸುದ್ದಿಗಳು ನಲ್ಲಿಯ ನೀರಿನಂತೆ ಬಿಡದೆ ಹರಿಯುವುದಿಲ್ಲ, ಹನಿಹನಿಯಾಗಿ ಬರುತ್ತವೆ. 1200 ಪಿಕ್ಸೆಲ್ ಅಗಲದ ತೆರೆಯನ್ನು ಬಾಣ ಅರ್ಧ ಸೆಕೆಂಡಿನಲ್ಲಿ ದಾಟಿತು ಎನ್ನೋಣ. ಸೆಕೆಂಡಿಗೆ 60 ಸುದ್ದಿಗಳಾದರೆ ಆ ಅವಧಿಯಲ್ಲಿ ಬರುವುದು 30 ಸುದ್ದಿಗಳು. ಎರಡು ಸುದ್ದಿಗಳ ನಡುವೆ ಬಾಣ 40 ಪಿಕ್ಸೆಲ್ ನೆಗೆದಿರುತ್ತದೆ! ಚೌಕ ಚಿಕ್ಕದಾಗಿದ್ದರೆ ಬಾಣ ಅದರಿಂದ ಹೊರಬಿದ್ದಿರುತ್ತದೆ. ಆಗ ಚೌಕಕ್ಕೆ ಸುದ್ದಿಯೇ ತಲುಪುವುದಿಲ್ಲ. ಪರಿಹಾರ ಸರಳ. ಒತ್ತಿದ ಸುದ್ದಿಯನ್ನು ಚೌಕ ಕೇಳಲಿ. ಸರಿಸುವ ಮತ್ತು ಬಿಡುವ ಸುದ್ದಿಗಳನ್ನು ಇಡೀ ಪುಟವೇ ಕೇಳಲಿ. ಬಿಟ್ಟ ಮೇಲೆ ಕೇಳುವುದನ್ನು ನಿಲ್ಲಿಸಬೇಕು. ಇಲ್ಲವಾದರೆ ಚೌಕ ಬಾಣಕ್ಕೆ ಅಂಟಿಕೊಂಡೇ ತಿರುಗುತ್ತದೆ.

ಮೊಬೈಲಿನಲ್ಲಿ ಇನ್ನೊಂದು ತೊಡಕಿದೆ. ಬೆರಳು ಸರಿದರೆ ಓದುಗರು ಪುಟವನ್ನು ಸರಿಸುತ್ತಿದ್ದಾರೆ ಎಂದು ಬ್ರೌಸರ್ ಭಾವಿಸುತ್ತದೆ. ಪಾಯಿಂಟರ್‌ಕ್ಯಾನ್ಸಲ್ ಎಂಬ ಸುದ್ದಿ ಕಳಿಸಿ ಎಳೆತವನ್ನು ಅರ್ಧಕ್ಕೇ ನಿಲ್ಲಿಸುತ್ತದೆ. ಚೌಕದ ಶೈಲಿಯಲ್ಲಿ ಟಚ್ ಆಕ್ಷನ್ ಎಂಬುದಕ್ಕೆ ನನ್ ಎಂದು ಬರೆದರೆ ಈ ತೊಂದರೆ ತಪ್ಪುತ್ತದೆ.

ಎಳೆಯಲಾಗದವರು

ಕೈ ನಡುಗುವ ಅಜ್ಜನಿಗೆ ಗುಂಡಿ ಒತ್ತಿ ಹಿಡಿದೇ ಮೌಸ್ ಸರಿಸುವುದು ಕಷ್ಟ. ಕಣ್ಣು ಕಾಣದವರು ಬಳಸುವುದು ಕೀಲಿಮಣೆಯನ್ನು. ವೆಬ್‌ನ ಮಾನದಂಡಗಳನ್ನು ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆಯಾದ ಡಬ್ಲ್ಯು3ಸಿ 2023ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ: ಎಳೆದು ಮಾಡುವ ಕೆಲಸವನ್ನು, ಎಳೆತವೇ ಅನಿವಾರ್ಯವಾದ ಸಂದರ್ಭಗಳನ್ನು ಬಿಟ್ಟು, ಎಳೆಯದೆಯೂ ಮಾಡುವಂತಿರಬೇಕು. ಉದಾಹರಣೆಗೆ, ಕುದುರೆಯ ಮೇಲೊಮ್ಮೆ ಒತ್ತಿ, ಅದು ಹೋಗಬೇಕಾದ ಮನೆಯ ಮೇಲೆ ಇನ್ನೊಮ್ಮೆ ಒತ್ತಿದರೆ ಸಾಕು ಎಂಬ ಏರ್ಪಾಡು. ಕೀಲಿಮಣೆಯ ಬಾಣದ ಕೀಲಿಗಳಿಗೂ ಒಂದಿಷ್ಟು ಸಾಲು ಬರೆಯಬಹುದು. ಒತ್ತಿದಾಗಲೆಲ್ಲ 10 ಪಿಕ್ಸೆಲ್ ಕೂಡಿಸುವುದು ಅಥವಾ ಕಳೆಯುವುದು, ಅಷ್ಟೆ.

ಮಾಡಿ ನೋಡಿ: 800 ಪಿಕ್ಸೆಲ್ ಅಗಲದ ಪುಟದಲ್ಲಿ 100 ಪಿಕ್ಸೆಲ್ ಅಗಲದ ಚೌಕ ಹೊರಗೆ ಹೋಗದಂತೆ ತಡೆಯಬೇಕು. ಎಡದಿಂದ ಅದರ ದೂರ ಎಷ್ಟರಿಂದ ಎಷ್ಟರವರೆಗೆ ಇರಬಹುದು? 0ಯಿಂದ 700ರವರೆಗೆ. 800 ಏಕಲ್ಲ ಎಂಬುದನ್ನು ವಿದ್ಯಾರ್ಥಿಗಳು ಗ್ರಾಫ್ ಹಾಳೆಯ ಮೇಲೆ ಕಾಗದದ ತುಂಡೊಂದನ್ನು ಸರಿಸಿ ತಿಳಿಯಲಿ, ಆಮೇಲೆ ಕ್ರಮವಿಧಿ ಬರೆಯಲಿ. ಚೌಕ ಅಂಚಿನಲ್ಲಿ ನಿಂತಾಗ ತಂದೆ ತಾಯಂದಿರು ಪಕ್ಕದಲ್ಲಿ ಕುಳಿತು “ಏಕೆ ನಿಂತಿತು?” ಎಂದು ಕೇಳಲಿ. ಅದನ್ನು ವಿವರಿಸಬಲ್ಲ ಮಗು ಗಣಕವನ್ನೂ ಕಲಿತಿದೆ, ಗಣಿತವನ್ನೂ ಕಲಿತಿದೆ.