ಕುವೈತ್: ರೀಲ್ಸ್‌ನಾಗ ಕಾಣದ್ದು

ನಮ್ಮ ಹಾಸ್ಟೆಲ್‌ನಾಗ ಫೈನಲ್ ಇಯರ್ ಬಂತಂದ್ರ ಎರಡ ಮಾತು. ಒಂದು ಬೆಂಗಳೂರು, ಇನ್ನೊಂದು ಗಲ್ಫ್. ಹೋದ ವಾರ ಗೆಳೆಯನೊಬ್ಬ ಕುವೈತ್ ಟವರ್ಸ್‌ನ ರೀಲ್ ತೋರಿಸಿ, “ಲೇ, ಒಂದು ದಿನಾರ್‌ಗೆ 250 ರೂಪಾಯಿಗಿಂತ ಹೆಚ್ಚಂತ! ಪಾಸಾದ ಕೂಡ್ಲೇ ಅಲ್ಲೇ ಹೋಗೂದು” ಅಂದ. ಹುನಗುಂದದ ನಮ್ಮ ಮಾಮಾ ಅಲ್ಲಿ ಒಂಬತ್ತು ವರ್ಷದಿಂದ ದುಡೀತಾರ. ಫೋನ್ ಹಚ್ಚಿ ಕೇಳಿದೆ, “ಮಾಮಾ, ಆ ಟವರ್ ಹೆಂಗೈತಿ?”

“ಬಸ್ಸಿನ ಕಿಟಕಿಯಿಂದ ನೋಡೇನಿ ಅಳಿಯಾ. ಚಲೋ ಐತಿ” ಅಂದ್ರು.

ನಾನು ಹೇಳೋದು ಇಷ್ಟೇ: ಪ್ರವಾಸಿಯ ಕಣ್ಣಿಗೆ ಕಂಡ ದೇಶವನ್ನು ನಂಬಿ ಅಲ್ಲಿಗೆ ದುಡಿಯಲು ಹೋಗಬಾರದು.

ಕುವೈತ್ ನೋಡುವಂಥ ದೇಶ ಹೌದು. ನಮ್ಮ ಬಾಗಲಕೋಟೆಯಂಥ ಮೂರು ಜಿಲ್ಲೆ ಕೂಡಿಸಿದರೆ ಅದಕ್ಕಿಂತ ದೊಡ್ಡದಾಗುತ್ತದೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯುತ್ತಾರೆ. 1979ರಲ್ಲಿ ತೆರೆದ ಆ ಪ್ರಸಿದ್ಧ ಟವರ್‌ಗಳಲ್ಲಿ ಎರಡು, ನಿಜ ಹೇಳಬೇಕಂದ್ರ, ನೀರಿನ ಟಾಕಿ! ಮೊದಲು ಮುತ್ತು ತೆಗೆದು, ಹಡಗು ನಡೆಸಿ ಬದುಕಿದ್ದ ಜನ ಅವರು. 1938ರಲ್ಲಿ ಬುರ್ಗಾನ್‌ನಲ್ಲಿ ಎಣ್ಣೆ ಸಿಕ್ಕಿತು, 1946ರಲ್ಲಿ ರಫ್ತು ಶುರುವಾಯಿತು. 1961ರವರೆಗೆ ಅಲ್ಲಿ ನಡೆಯುತ್ತಿದ್ದದ್ದು ರೂಪಾಯಿ! ಮುಬಾರಕಿಯಾದ ಹಳೇ ಸಂತೆ, ಗ್ರೀಕರ ಕಾಲದ ಅವಶೇಷಗಳಿರುವ ಫೈಲಕಾ ದ್ವೀಪ ಇವನ್ನೆಲ್ಲ ನೋಡಬಹುದು.

ಆದರೆ ದುಡಿಯುವವನ ಕುವೈತ್ ಬೇರೆ. 2016ರ ಜುಲೈನಲ್ಲಿ ಮಿತ್ರಿಬಾ ಎಂಬಲ್ಲಿ ತಾಪಮಾನ 53.9 ಡಿಗ್ರಿ ದಾಖಲಾಯಿತು. ನಮ್ಮ ಇಳಕಲ್ಲಿನ ಕಲ್ಲುಗಣಿಗಳಲ್ಲಿ ಬ್ಯಾಸಗಿ ಬಿಸಿಲು ಉಂಡವರಿಗೂ ಅದು ಹೆಚ್ಚೇ. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮವೇ ಇದೆ. 2024ರ ಜೂನ್ 12ರಂದು ಮಂಗಾಫ್‌ನಲ್ಲಿ ಕಾರ್ಮಿಕರಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ಕನಿಷ್ಠ 45 ಭಾರತೀಯರು ಸತ್ತರು. ಸಂಬಳ ಕೇಳುವಾಗಲೇ “ಎಲ್ಲಿ ಇರಸ್ತೀರಿ, ಒಂದು ಖೋಲ್ಯಾಗ ಎಷ್ಟು ಮಂದಿ?” ಅಂತನೂ ಕೇಳಬೇಕು.

ನಮಗೆ ಇನ್ನೊಂದು ವಿಷಯ ಮುಖ್ಯ. 2018ರಲ್ಲಿ ಕುವೈತ್ ನಿಯಮ ಬಿಗಿ ಮಾಡಿತು: ಎಂಜಿನಿಯರ್ ಎಂಬ ಹೆಸರಿನಲ್ಲಿ ಕೆಲಸದ ಪರವಾನಗಿ ಬೇಕಾದರೆ ಅಲ್ಲಿನ ಎಂಜಿನಿಯರುಗಳ ಸಂಘದ ಒಪ್ಪಿಗೆ ಬೇಕು. ಆ ಸಂಘ ನಮ್ಮ ಪದವಿಗೆ ಎನ್‌ಬಿಎ ಮಾನ್ಯತೆ ಇದೆಯೇ ಅಂತ ನೋಡುತ್ತದೆ. ವರ್ಷಗಟ್ಟಲೆ ಅಲ್ಲೇ ದುಡಿದಿದ್ದ ಭಾರತೀಯ ಎಂಜಿನಿಯರುಗಳೂ ಆಗ ಪೇಚಿಗೆ ಸಿಕ್ಕರು. ಎನ್‌ಬಿಎ ಮಾನ್ಯತೆ ಇಡೀ ಕಾಲೇಜಿಗಲ್ಲ, ಬ್ರ್ಯಾಂಚಿಗೆ. ಅದೂ ಇಂತಿಷ್ಟು ವರ್ಷಕ್ಕೆ ಮಾತ್ರ. ಅಡ್ಮಿಷನ್ ವೇಳೆ ನಾವು ಕ್ಯಾಂಟೀನ್ ನೋಡಿದೆವು, ಬಸ್ ನೋಡಿದೆವು, ಇದನ್ನು ಎಷ್ಟು ಮಂದಿ ನೋಡಿದೆವು?

ಗಲ್ಫ್ ಬ್ಯಾಡ ಅಂತ ನಾ ಅನ್ನಂಗಿಲ್ಲ. ಮಾಮಾನ ದುಡಿಮೆಯಿಂದ್ಲೇ ನಮ್ಮ ಮನೀ ಸ್ಲ್ಯಾಬ್ ಆಗೇತಿ, ನನ್ನ ಫೀಸೂ ಕಟ್ಟೇತಿ. ಹೋಗೋದಾದರೆ ತಿಳಿದು ಹೋಗೋಣ. ಏಜೆಂಟ್ ಹೆಸರು ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ನೋಡೋಣ. ವಿಸಿಟ್ ವೀಸಾದ ಮೇಲೆ ಕೆಲಸಕ್ಕೆ ಕಳಿಸ್ತೀನಿ ಅಂದ್ರ ಕೈ ಮುಗಿದು ಎದ್ದು ಬರೋಣ. ಒಪ್ಪಂದ ಓದದೆ ಸಹಿ ಬೇಡ.

ಫೋನ್ ಇಡುವ ಮುಂಚೆ ಮಾಮಾ ಕೇಳಿದ್ದು ಸಂಬಳದ ಮಾತಲ್ಲ: “ಬಾದಾಮಿ ಬನಶಂಕರಿ ಜಾತ್ರಿ ಈ ಸಲ ಯಾವತ್ತೈತಿ? ರಜಾ ಸಿಕ್ಕರ ಬರ್ತೇನಿ.”

ರೀಲ್ ತೋರಿಸಿದ ಗೆಳೆಯ ಈಗ ಎನ್‌ಬಿಎ ಪಟ್ಟಿಯೊಳಗ ನಮ್ಮ ಬ್ರ್ಯಾಂಚ್ ಹುಡುಕಾಕ ಹತ್ತ್ಯಾನ. ನೀವೂ ಒಮ್ಮೆ ನೋಡ್ರಿ.