ಮಂಡಿ ನೋವಿಗೆ ಮನೆವಾಸವೇ?

"ನಿಮಗೇಕೆ ಮೇಡಂ ಹೋಟೆಲು? ಮೊದಲು ತೂಕ ಇಳಿಸಿ" ಎಂದರು ಪಕ್ಕದ ಮನೆಯಾಕೆ. ಮಂಡಿ ಸವೆದ ಹೆಂಗಸು ನಾಲ್ಕು ಜನರೊಡನೆ ಕೂತು ತಿನ್ನುವುದೇ ಅಪರಾಧವೆಂಬಂತೆ!

ಶನಿವಾರ ಬೆಳಗಿನ ಶಾಲೆ ಮುಗಿಸಿ ನಾವು ಐವರು ಟೀಚರುಗಳು ಹೋಟೆಲಿಗೆ ಹೋಗುವುದು ಇಪ್ಪತ್ತು ವರ್ಷಗಳ ರೂಢಿ. ಹೆಚ್ಚು ನಡೆಯಲಾರದ ನನಗೆ ಉಳಿದಿರುವ ಹೊರಲೋಕವೇ ಅದು. ಬಿಡಬೇಕೇಕೆ? ತೂಕ ಇಳಿಯಬೇಕು, ಒಪ್ಪಿದೆ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಹೊರೆ ಸುಮಾರು ನಾಲ್ಕು ಕಿಲೋ ತಗ್ಗುತ್ತದೆಂದು ಅಮೆರಿಕದ ಸಂಶೋಧಕರು 2005ರಲ್ಲೇ ತೋರಿಸಿದ್ದಾರೆ. ಆದರೆ ತೂಕ ಏರಿಸುವುದು ತಟ್ಟೆಗೆ ಬಿದ್ದದ್ದು. ಎದುರು ಕೂತ ಗೆಳತಿಯರು ಏನು ಮಾಡಿದರು? ಒಂದು ಟೀ ಚಮಚ ಎಣ್ಣೆಯಲ್ಲೇ ಸುಮಾರು 40 ಕ್ಯಾಲರಿ. ಅದಕ್ಕೇ ನನ್ನದು ಎರಡು ಇಡ್ಲಿ, ಸಾಂಬಾರು, ಸಕ್ಕರೆಯಿಲ್ಲದ ಕಾಫಿ. ಮನೆಯಲ್ಲಿ ಕುರ್ಚಿಯಲ್ಲಿ ಕೂತೇ ಕಾಲು ನೀಡಿ ಎತ್ತುವ ವ್ಯಾಯಾಮ. ಏಳು ತಿಂಗಳಲ್ಲಿ ನಾಲ್ಕು ಕಿಲೋ ಇಳಿದಿದ್ದೇನೆ. (ಯುಗಾದಿಯಲ್ಲಿ ಅರ್ಧ ಕಿಲೋ ವಾಪಸ್ಸು ಬಂದದ್ದೂ ಉಂಟು.)

ಆ ಅರ್ಧ ಕಿಲೋ ಹೋಟೆಲಿನದಲ್ಲ. ಅದೇ ಪಕ್ಕದ ಮನೆಯಾಕೆ ಹಬ್ಬದೂಟಕ್ಕೆ ಕರೆದು, "ಒಂದು ತಿಂದರೆ ಏನೂ ಆಗಲ್ಲ" ಎನ್ನುತ್ತಾ ಎಲೆಗೆ ಮೂರನೇ ಹೋಳಿಗೆ ಹಾಕಿ ಮೇಲೆ ತುಪ್ಪ ಸುರಿದರು. ಹೋಟೆಲಿನ ಮಾಣಿ ಬೇಡವೆಂದರೆ ಸುಮ್ಮನೆ ಹೋಗುತ್ತಾನೆ. ಈಕೆ ಸೌಟು ಹಿಡಿದು ನಿಂತೇ ಇದ್ದರು.